ಗೂಢನಾಮ, ಅಡ್ಡಹೆಸರು, ಅಂಕಿತನಾಮ: ರಷ್ಯಾದ ಸೇನಾ ವಿಮಾನಗಳ ಹೆಸರುಗಳು ಕನ್ನಡಕ್ಕೆ ಬಂದ ದಾರಿ

2015ರ ಡಿಸೆಂಬರ್ 24ರಂದು ಮಾಸ್ಕೋದಲ್ಲಿ ಭಾರತ ಮತ್ತು ರಷ್ಯಾ ಸರ್ಕಾರಗಳು ಕಾಮೊವ್ ಸಂಸ್ಥೆ ವಿನ್ಯಾಸಗೊಳಿಸಿದ ಹಗುರ ಹೆಲಿಕಾಪ್ಟರೊಂದನ್ನು ಭಾರತದಲ್ಲಿಯೇ ತಯಾರಿಸುವ ಕುರಿತು ಒಪ್ಪಂದ ಮಾಡಿಕೊಂಡವು. ಅಲ್ಲಿ 200 ಯಂತ್ರಗಳ ಮಾತಿತ್ತು. ಹತ್ತು ದಿನಗಳ ತರುವಾಯ, 2016ರ ಜನವರಿ 3ರಂದು, ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ, ಅಂದರೆ ಎಚ್‌ಎಎಲ್‌ನ, ಹೆಲಿಕಾಪ್ಟರ್ ಕಾರ್ಖಾನೆಗೆ ಶಂಕುಸ್ಥಾಪನೆ ನೆರವೇರಿತು. ಕಾಮೊವ್ ಹೆಲಿಕಾಪ್ಟರು ತುಮಕೂರಿನಲ್ಲಿ ತಯಾರಾಗಲಿದೆ ಎಂಬುದು ಆ ವರ್ಷಗಳ ಪತ್ರಿಕಾ ವರದಿಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ ಸಂಗತಿ. ಆ ಯಂತ್ರಕ್ಕೆ ತಯಾರಕರು ಇಟ್ಟ ಹೆಸರು ಕಾ-226ಟಿ. ಪಾಶ್ಚಾತ್ಯ ಸೇನಾಕೂಟ ಇಟ್ಟ ಗೂಢನಾಮ ‘ಹುಡ್ಲಮ್’, ಅಂದರೆ ಪುಂಡ, ಪೋಕರಿ. ಭಾರತದ್ದೆಂಬ ಹೆಸರು ಅದಕ್ಕೆ ಬರಲೇ ಇಲ್ಲ. ಆ ಹೆಲಿಕಾಪ್ಟರೂ ಗುಬ್ಬಿಗೆ ಬರಲಿಲ್ಲ. 2023ರ ಫೆಬ್ರವರಿ 6ರಂದು ಕಾರ್ಖಾನೆ ಉದ್ಘಾಟನೆಯಾದಾಗ ಅಲ್ಲಿಂದ ಹೊರಬರಲಿದ್ದುದು ಎಚ್‌ಎಎಲ್‌ನದೇ ವಿನ್ಯಾಸದ ಲಘು ಬಳಕೆಯ ಹೆಲಿಕಾಪ್ಟರು. ಅದೇ ದಿನ ಅದೇ ವೇದಿಕೆಯಿಂದ ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಸೇರಿದ ತುಮಕೂರು ಕೈಗಾರಿಕಾ ಪಟ್ಟಣ ಯೋಜನೆಗೂ ಶಂಕುಸ್ಥಾಪನೆಯಾಯಿತು.

ಒಂದು ಯಂತ್ರಕ್ಕೆ ಎರಡು ಹೆಸರಿದ್ದು ಮೂರನೆಯದು ಇಲ್ಲದಿರುವುದು ಕೇವಲ ಆಡಳಿತದ ಸಂಗತಿಯಲ್ಲ ಎಂಬುದು ನಮ್ಮ ನಿಲುವು. ರಷ್ಯಾ ಮೂಲದ ಸೇನಾ ವಿಮಾನಗಳು ಭಾರತದಲ್ಲಿ ಆರು ದಶಕಗಳಿಗೂ ಹೆಚ್ಚು ಕಾಲ ಹಾರಿವೆ. ಅವುಗಳ ಹೆಸರುಗಳಲ್ಲಿ ಕನಿಷ್ಠ ಮೂರು ಪದರಗಳಿವೆ: ತಯಾರಕರ ಸಂಕ್ಷಿಪ್ತ ನಾಮ, ಎದುರಾಳಿಯ ಗೂಢನಾಮ, ಬಳಸುವವರ ಹೆಸರು. ಈ ಮೂರೂ ಬೇರೆ ಬೇರೆ ಭಾಷಿಕ ಕ್ರಿಯೆಗಳು. ಮೊದಲನೆಯದು ಮಾಡಿದವನ ಗುರುತು, ಎರಡನೆಯದು ತಿಳಿಯದವನ ವರ್ಗೀಕರಣ, ಮೂರನೆಯದು ಪಡೆದವನ ನಾಮಕರಣ. ಮೂರೂ ಇಂಗ್ಲಿಷಿನ ಮೂಲಕವೇ ಕನ್ನಡಕ್ಕೆ ಬಂದವು. ಆ ದಾರಿಯ ಧೂಳು ಇಂದಿಗೂ ನಮ್ಮ ಅಕ್ಷರಗಳ ಮೇಲಿದೆ.

ತಿಳಿಯದವನು ಇಟ್ಟ ಹೆಸರು

ಗೂಢನಾಮದ ಪದ್ಧತಿ ರಷ್ಯಾದ ವಿಮಾನಗಳಿಗಾಗಿಯೇ ಹುಟ್ಟಿದ್ದಲ್ಲ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ವಿಮಾನಗಳ ಹೆಸರುಗಳು ಮಿತ್ರರಾಷ್ಟ್ರಗಳ ಸೈನಿಕರಿಗೆ ತಿಳಿಯುತ್ತಿರಲಿಲ್ಲ. ತಿಳಿದರೂ ನಾಲಗೆಗೆ ಒಗ್ಗುತ್ತಿರಲಿಲ್ಲ. 1942ರಲ್ಲಿ ಆಸ್ಟ್ರೇಲಿಯಾದಲ್ಲಿದ್ದ ಅಮೆರಿಕದ ಗುಪ್ತಚರ ಅಧಿಕಾರಿ ಫ್ರಾಂಕ್ ಮೆಕಾಯ್ ಅವರ ತಂಡ ಇದಕ್ಕೊಂದು ಉಪಾಯ ಹುಡುಕಿತು. ಯುದ್ಧವಿಮಾನಗಳಿಗೆ ಗಂಡಸರ ಹೆಸರು, ಬಾಂಬರುಗಳಿಗೆ ಹೆಂಗಸರ ಹೆಸರು. ಮೆಕಾಯ್ ಟೆನೆಸಿ ಪ್ರಾಂತ್ಯದವರು. ‘ಝೀಕ್’, ‘ರೂಫ್’, ‘ನೇಟ್’ ಮೊದಲಾದ ಆ ಕಡೆಯ ಹಳ್ಳಿಗಾಡಿನ ಹೆಸರುಗಳು ಹೀಗೆ ಜಪಾನಿನ ವಿಮಾನಗಳಿಗೆ ಅಂಟಿದವು. ವ್ಯಾಕರಣದ ಲಿಂಗವ್ಯವಸ್ಥೆಯನ್ನು ಇಷ್ಟು ನೇರವಾಗಿ ಯುದ್ಧದ ಕೆಲಸಕ್ಕೆ ಹಚ್ಚಿದ ಇನ್ನೊಂದು ನಿದರ್ಶನ ಸುಲಭವಾಗಿ ಸಿಗಲಾರದು.

ಶೀತಲ ಸಮರ ಆರಂಭವಾದಾಗ ಅದೇ ಅಗತ್ಯ ಮತ್ತೆ ತಲೆದೋರಿತು. ಸೋವಿಯತ್ ಒಕ್ಕೂಟ ತನ್ನ ವಿಮಾನಗಳ ನಿಜನಾಮಗಳನ್ನು ಹೇಳುತ್ತಿರಲಿಲ್ಲ. ಮೆರವಣಿಗೆಯ ದಿನ ಆಕಾಶದಲ್ಲಿ ಕಂಡದ್ದೇ ಆಧಾರ. ಅಮೆರಿಕ, ಬ್ರಿಟನ್ ಮತ್ತು ಕೆನಡಾ ಸೇರಿ 1948ರಲ್ಲಿ ಸ್ಥಾಪಿಸಿಕೊಂಡ, ಆಮೇಲೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಸೇರಿಕೊಂಡ ವಾಯುಪಡೆಗಳ ಏಕರೂಪತಾ ಸಮಿತಿಯೊಂದು 1954ರಿಂದ ಹೊಸ ಪದ್ಧತಿಯನ್ನು ಜಾರಿಗೆ ತಂದಿತು. ಲೋಕರೂಢಿಯಲ್ಲಿ ಇವು ‘ನ್ಯಾಟೋ ಹೆಸರು’ಗಳೆಂದು ಪ್ರಸಿದ್ಧ.

ಪದ್ಧತಿಯ ಸೂತ್ರ ಸರಳ. ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ವಿಮಾನದ ವರ್ಗವನ್ನು ಹೇಳುತ್ತದೆ. ಎಫ್ ಎಂದರೆ ಕಾದಾಟದ ವಿಮಾನ, ಬಿ ಎಂದರೆ ಬಾಂಬರು, ಸಿ ಎಂದರೆ ಸಾಗಾಣಿಕೆಯದು, ಎಚ್ ಎಂದರೆ ಹೆಲಿಕಾಪ್ಟರು, ಎಂ ಎಂದರೆ ಉಳಿದದ್ದೆಲ್ಲ. ಹೆಲಿಕಾಪ್ಟರುಗಳನ್ನು ಬಿಟ್ಟರೆ ಉಚ್ಚಾರಾಂಶಗಳ ಎಣಿಕೆಗೂ ಅರ್ಥವಿದೆ: ಒಂದೇ ಉಚ್ಚಾರಾಂಶವಿದ್ದರೆ ತಿರುಗುರೆಕ್ಕೆಯ ಎಂಜಿನ್ನು, ಎರಡಿದ್ದರೆ ಜೆಟ್ಟು. ಟುಪೊಲೆವ್-95 ‘ಬೇರ್’, ಅದಕ್ಕೆ ತಿರುಗುರೆಕ್ಕೆ. ಟುಪೊಲೆವ್-16 ‘ಬ್ಯಾಜರ್’, ಅದು ಜೆಟ್. ಆಂಟೊನೊವ್-12 ‘ಕಬ್’, ಆಂಟೊನೊವ್-32 ‘ಕ್ಲೈನ್’. ಇಲ್ಯೂಶಿನ್-76 ಮಾತ್ರ ‘ಕ್ಯಾಂಡಿಡ್’. ಮಿಗ್-21 ‘ಫಿಶ್‌ಬೆಡ್’, ಮಿಗ್-25 ‘ಫಾಕ್ಸ್‌ಬ್ಯಾಟ್’, ಮಿಗ್-29 ‘ಫಲ್‌ಕ್ರಮ್’, ಸುಖೋಯ್-27 ‘ಫ್ಲ್ಯಾಂಕರ್’.

ಪದದ ಅರ್ಥಕ್ಕೆ ಇಲ್ಲಿ ಕೆಲಸವಿಲ್ಲ. ಫಲ್‌ಕ್ರಮ್ ಎಂದರೆ ಸನ್ನೆಗೋಲಿನ ಆನಿಕೆ. ಮಿಗ್-29ಕ್ಕೂ ಸನ್ನೆಗೋಲಿಗೂ ಯಾವ ಸಂಬಂಧವೂ ಇಲ್ಲ. ತುಮಕೂರಿನಲ್ಲಿ ನೋಂದಣಿಯಾದ ವಾಹನದ ಫಲಕದ ಮೇಲಿನ ‘ಕೆಎ-06’ ಹೇಗೆ ಆ ವಾಹನದ ಗುಣವನ್ನು ಹೇಳದೆ ಅದರ ಮನೆಯನ್ನು ಮಾತ್ರ ಹೇಳುತ್ತದೆಯೋ ಹಾಗೆ ಫಿಶ್‌ಬೆಡ್‌ನ ಎಫ್ ಕೆಲಸ ಮಾಡುತ್ತದೆ. ವ್ಯತ್ಯಾಸ ಇಷ್ಟೆ: ನೋಂದಣಿ ಸಂಖ್ಯೆ ಅಂಕೆಯ ರೂಪದಲ್ಲಿದ್ದು ತನ್ನ ಅರ್ಥಹೀನತೆಯನ್ನು ಒಪ್ಪಿಕೊಳ್ಳುತ್ತದೆ; ಗೂಢನಾಮ ನಿಘಂಟಿನ ಪದದ ವೇಷದಲ್ಲಿರುತ್ತದೆ. ಕನ್ನಡ ವ್ಯಾಕರಣ ಪರಂಪರೆಯ ರೂಢನಾಮ, ಅಂಕಿತನಾಮ, ಅನ್ವರ್ಥನಾಮಗಳೆಂಬ ವಿಭಾಗದಲ್ಲಿ ಇದನ್ನು ಎಲ್ಲಿಡಬೇಕು? ರೂಢನಾಮವೊಂದನ್ನು ತಂದು, ಅದರ ಅರ್ಥವನ್ನು ಅಮಾನತಿನಲ್ಲಿಟ್ಟು, ಅಂಕಿತನಾಮದಂತೆ ಬಳಸಲಾಗಿದೆ. ಅನ್ವರ್ಥವಾಗಬಾರದು ಎಂಬುದೇ ಇಲ್ಲಿನ ನಿಯಮ.

ಆದರೆ ಅಮಾನತಿನಲ್ಲಿಟ್ಟ ಅರ್ಥ ಪೂರ್ತಿ ಸಾಯುವುದಿಲ್ಲ. ‘ಫ್ಲಾಗರ್’ ಎಂದರೆ ಚಾಟಿ ಬೀಸುವವನು, ‘ಫೆಲನ್’ ಎಂದರೆ ಘೋರ ಅಪರಾಧಿ, ‘ಹೋಕಮ್’ ಎಂದರೆ ಟೊಳ್ಳು ಮಾತು, ‘ಹುಡ್ಲಮ್’ ಎಂದರೆ ಪುಂಡ. ಎಚ್ ಅಕ್ಷರದಿಂದ ಆರಂಭವಾಗುವ ನೂರಾರು ಸಾಧು ಪದಗಳಿರುವಾಗ ಪುಂಡನೇ ಆಯ್ಕೆಯಾದದ್ದು ಕೇವಲ ಆಕಸ್ಮಿಕವೆಂದು ನಾವು ಒಪ್ಪಲಾರೆವು. ಹೊಗಳಿಕೆಯ ಧ್ವನಿಯುಳ್ಳ ಪದಗಳು ಈ ಪಟ್ಟಿಯಲ್ಲಿ ಅಪರೂಪ. ಅರ್ಥವಿಲ್ಲವೆಂದು ಸಾರುವ ಪದ್ಧತಿಯೇ ಅರ್ಥದ ಬಗ್ಗೆ ಎಚ್ಚರ ವಹಿಸಿದೆ.

ಕನ್ನಡದ ನಾಲಗೆಯಲ್ಲಿ ಕೆಡುವ ಸಂಕೇತ

ಉಚ್ಚಾರಾಂಶಗಳನ್ನು ಎಣಿಸುವ ಈ ಪದ್ಧತಿ ಇಂಗ್ಲಿಷಿನ ಧ್ವನಿರಚನೆಯ ಮೇಲೆ ನಿಂತಿದೆ. ವ್ಯಂಜನದಲ್ಲಿ ಮುಗಿಯುವ ಒಂದಂಶದ ಪದಗಳು ಆ ಭಾಷೆಯಲ್ಲಿ ಹೇರಳ. ಕನ್ನಡ ಆಡುಮಾತು ಸ್ವರಾಂತ್ಯವನ್ನು ಬಯಸುತ್ತದೆ. ಹ್ರಸ್ವಸ್ವರದ ಮುಂದೆ ವ್ಯಂಜನ ಬಂದು ಪದ ಮುಗಿದರೆ ಆ ವ್ಯಂಜನ ಇಮ್ಮಡಿಸಿ ಉಕಾರ ಸೇರುವುದು ಎರವಲು ಪದಗಳಲ್ಲಿ ನಾವು ದಿನನಿತ್ಯ ಕಾಣುವ ನಿಯಮ: ಬಸ್ಸು, ಪೆನ್ನು, ಜಗ್ಗು, ಪೆಗ್ಗು. ಈ ನಿಯಮವನ್ನು ಗೂಢನಾಮಗಳಿಗೆ ಹಚ್ಚಿದರೆ ಏನಾಗುತ್ತದೆ? ‘ಕಬ್’ ಕಬ್ಬಾಗುತ್ತದೆ. ‘ಬೇರ್’ ಬೇರಾಗುತ್ತದೆ. ಸಿಂಹದ ಮರಿ ಮಂಡ್ಯದ ಗದ್ದೆಗೆ ಇಳಿದದ್ದು, ಕರಡಿ ಮಣ್ಣಿನೊಳಗೆ ಹೊಕ್ಕದ್ದು ಮಾತ್ರವಲ್ಲ. ಒಂದಂಶ ಎರಡಂಶವಾದ ಕಾರಣ ಸಂಕೇತದ ಲೆಕ್ಕದಲ್ಲಿ ತಿರುಗುರೆಕ್ಕೆಯ ಎರಡೂ ವಿಮಾನಗಳು ಜೆಟ್ಟುಗಳಾಗಿಬಿಟ್ಟವು. ಇದು ಹಾಸ್ಯವೆನಿಸಬಹುದು. ಆದರೆ ಗೂಢನಾಮ ಕನ್ನಡದಲ್ಲಿ ಸಂಕೇತವಾಗಿ ಬದುಕಲಾರದು, ಬರಿಯ ಹೆಸರಾಗಿ ಮಾತ್ರ ಉಳಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ಸರಳ ಪುರಾವೆ ಬೇಕಿಲ್ಲ.

ಮೊದಲಕ್ಷರದ ನಿಯಮಕ್ಕೂ ಲಿಪಿಯಲ್ಲಿ ಪೆಟ್ಟು ಬೀಳುತ್ತದೆ. ‘ಕ್ಯಾಂಡಿಡ್’ ಮತ್ತು ‘ಚಾರ್ಜರ್’ ಎರಡೂ ಇಂಗ್ಲಿಷಿನಲ್ಲಿ ಸಿ ವರ್ಗದವು. ಎರಡನೆಯದು ಟುಪೊಲೆವ್-144 ಎಂಬ ಶಬ್ದಾತೀತ ವೇಗದ ಪ್ರಯಾಣಿಕ ವಿಮಾನ. ಕನ್ನಡದಲ್ಲಿ ಒಂದು ಕವರ್ಗಕ್ಕೆ, ಇನ್ನೊಂದು ಚವರ್ಗಕ್ಕೆ ಹೋಗುತ್ತದೆ. ಮಿ-24 ಹೆಲಿಕಾಪ್ಟರಿನ ಹೆಸರನ್ನು ‘ಹೈಂಡ್’ ಎಂದು ಉಚ್ಚರಿಸಬೇಕು, ಹೆಣ್ಣು ಜಿಂಕೆ ಎಂದರ್ಥ. ಬರೆದದ್ದನ್ನು ಬರೆದಂತೆ ಓದುವ ನಮ್ಮವರ ಕಣ್ಣಿಗೆ ಅಲ್ಲಿ ಕಾಣುವುದು ‘ಹಿಂದ್’.

ಗೂಢನಾಮಗಳಿಗಿಂತ ಹೆಚ್ಚು ಕುತೂಹಲದ ಸಾಮಗ್ರಿ ಇರುವುದು ತಯಾರಕರ ಹೆಸರುಗಳಲ್ಲಿ. ಅವು ಸಂಪೂರ್ಣವಾಗಿ ರಷ್ಯನ್ ಮೂಲದವಾದ್ದರಿಂದ ಮಾರ್ಗದ ಗುರುತುಗಳು ಸ್ಪಷ್ಟವಾಗಿ ಕಾಣುತ್ತವೆ. ರಷ್ಯನ್ ಭಾಷೆಯ ತಕಾರ ದಂತ್ಯ, ಕನ್ನಡದ ತಕಾರದಂತೆಯೇ. ಆದ್ದರಿಂದ ನೇರವಾಗಿ ಬಂದಿದ್ದರೆ ‘ತೂಪೊಲೆಫ್’, ‘ಅಂತೋನೊಫ್’ ಎಂಬಂತಹ ರೂಪಗಳು ಬರಬೇಕಿತ್ತು. ನಮ್ಮ ಪತ್ರಿಕೆಗಳು ಬರೆಯುವುದು ‘ಟುಪೊಲೆವ್’, ‘ಆಂಟೊನೊವ್’. ಇಂಗ್ಲಿಷಿನ ಟಕಾರವನ್ನು ಮೂರ್ಧನ್ಯವಾಗಿ ಕೇಳಿಸಿಕೊಳ್ಳುವ ನಮ್ಮ ಹಳೆಯ ರೂಢಿ ಇಲ್ಲಿ ಕೆಲಸ ಮಾಡಿದೆ. ಎರಡೂ ಭಾಷೆಗಳಲ್ಲಿ ಇದ್ದ ಧ್ವನಿಯೊಂದು ನಡುವಿನ ಭಾಷೆಯಲ್ಲಿ ಇಲ್ಲದ ಕಾರಣಕ್ಕೆ ಕಳೆದುಹೋಯಿತು. ಟಾಲ್‌ಸ್ಟಾಯ್ ಎಂದು ಬರೆಯುವ ಪರಂಪರೆಯೂ ಇದೇ ದಾರಿಯದು.

ಸುಖೋಯ್ ಎಂಬ ಹೆಸರು ಇನ್ನೂ ಸ್ವಾರಸ್ಯಕರ. ಪಾವೆಲ್ ಸುಖೋಯ್ ಅವರ ಕುಲನಾಮದಲ್ಲಿರುವುದು ಕಂಠ್ಯ ಘರ್ಷಧ್ವನಿ. ರೋಮನ್ ಲಿಪಿಯಲ್ಲಿ ಅದನ್ನು ಕೆ, ಎಚ್ ಎಂಬ ಎರಡಕ್ಷರಗಳಿಂದ ಸೂಚಿಸುತ್ತಾರೆ. ಭಾರತದಲ್ಲಿ ಆ ಎರಡಕ್ಷರಗಳ ಜೋಡಿ ಮಹಾಪ್ರಾಣ ಖಕಾರಕ್ಕೆ ಮೀಸಲು, ಹಾಗಾಗಿ ‘ಸುಖೋಯ್’. ಆಡುಮಾತಿನಲ್ಲಿ ಮಹಾಪ್ರಾಣವೂ ಉದುರಿ ‘ಸುಕೋಯ್’ ಉಳಿಯುತ್ತದೆ. ಬರಹದ ರೂಪ ಮಾತ್ರ ಓದುಗನಿಗೆ ‘ಸುಖ’ವನ್ನು ನೆನಪಿಸುತ್ತದೆ. ನಿಜಕ್ಕೂ ರಷ್ಯನ್ನಿನಲ್ಲಿ ಆ ಪದದ ಅರ್ಥ ‘ಒಣಗಿದ’ ಎಂದು. ತೌಲನಿಕ ಭಾಷಾವಿಜ್ಞಾನ ಅದನ್ನು ಸಂಸ್ಕೃತದ ‘ಶುಷ್ಕ’ದ ಬಳಗಕ್ಕೆ ಸೇರಿಸುತ್ತದೆ. ಅಂದರೆ ನಾವು ದಿನವೂ ಬಳಸುವ ಪದವೊಂದರ ದಾಯಾದಿ ನಮ್ಮ ಮನೆಗೆ ಬಂದಿದ್ದಾನೆ. ನಾವು ಅವನನ್ನು ಬೇರೊಬ್ಬನ ನೆಂಟನೆಂದು ಭಾವಿಸಿದ್ದೇವೆ. ಜನಪದ ನಿರುಕ್ತಿಗೆ ತರಗತಿಯಲ್ಲಿ ಕೊಡಬಹುದಾದ ಉದಾಹರಣೆಗಳಲ್ಲಿ ಇದು ಉತ್ತಮವಾದದ್ದು.

ಮಿಗ್ ಎಂಬುದು ಮಿಕೊಯಾನ್ ಮತ್ತು ಗುರೆವಿಚ್ ಎಂಬ ಇಬ್ಬರು ವಿನ್ಯಾಸಕರ ಹೆಸರುಗಳ ಮೊದಲಕ್ಷರಗಳಿಂದಾದದ್ದು. ನಡುವಿನ ಇಕಾರ ರಷ್ಯನ್ನಿನ ‘ಮತ್ತು’. ಒಂದೇ ಸ್ವರದ ಸಮುಚ್ಚಯಾವ್ಯಯವೊಂದು ಸಂಕ್ಷಿಪ್ತ ರೂಪದ ಒಳಗೆ ಕುಳಿತು ಅದನ್ನು ಉಚ್ಚರಿಸಬಹುದಾದ ಪದವನ್ನಾಗಿ ಮಾಡಿದೆ. ಆ ಪದಕ್ಕೆ ರಷ್ಯನ್ನಿನಲ್ಲಿ ‘ಕ್ಷಣ’ ಎಂಬ ಅರ್ಥವೂ ಉಂಟು. ಕನ್ನಡದಲ್ಲಿ ‘ಮಿಗು’ ಎಂದರೆ ಹೆಚ್ಚಾಗು, ಮೀರು. ಹಳಗನ್ನಡದ ‘ಮಿಗ’ ಮೃಗದ ತದ್ಭವ. ಈ ಎರಡರ ನಡುವೆ ಮಿಗ್ ವಿಮಾನ ಯಾರ ಗಮನಕ್ಕೂ ಬಾರದಂತೆ ಹಾದುಹೋಗಿದೆ. ಮೇಲೆ ಹೇಳಿದ ನಿಯಮದ ಪ್ರಕಾರ ಅದು ‘ಮಿಗ್ಗು’ ಆಗಬೇಕಿತ್ತು. ಬರಹದಲ್ಲಿ ಹಾಗೆ ಆಗದಿರುವುದಕ್ಕೆ ಕಾರಣ ಅದರ ಬೆನ್ನಿಗೆ ಅಂಟಿದ ಸಂಖ್ಯೆ. ವಿಭಕ್ತಿ ಪ್ರತ್ಯಯ ಹೆಸರಿಗೆ ಸೇರದೆ ಸಂಖ್ಯೆಗೆ ಸೇರುತ್ತದೆ. ಅಲ್ಲಿಯೂ ಗಮನಿಸಬೇಕಾದ ಒಂದು ಸಂಗತಿಯಿದೆ. ‘ಮಿಗ್-21ರ’ ಎಂದು ಬರೆದವರು ‘ಇಪ್ಪತ್ತೊಂದರ’ ಎಂದು ಓದಿದ್ದಾರೆ; ‘ಮಿಗ್-21ನ’ ಎಂದು ಬರೆದವರು ‘ಟ್ವೆಂಟಿ ವನ್‌ನ’ ಎಂದು ಓದಿದ್ದಾರೆ. ಅಂಕೆ ಒಂದೇ, ಅದನ್ನು ಯಾವ ಭಾಷೆಯಲ್ಲಿ ಓದಲಾಯಿತು ಎಂಬುದನ್ನು ಷಷ್ಠೀ ಪ್ರತ್ಯಯ ಬಯಲು ಮಾಡುತ್ತದೆ. ಪತ್ರಿಕೆಗಳ ಕಡತಗಳಲ್ಲಿ ಈ ಎರಡು ರೂಪಗಳ ಏರಿಳಿತವನ್ನು ದಶಕವಾರು ಹಿಡಿದರೆ ಕನ್ನಡ ಓದುಗನ ಸಂಖ್ಯಾವಾಚನ ಇಂಗ್ಲಿಷಿಗೆ ವಾಲಿದ ಬಗೆಯನ್ನು ಅಳೆಯಬಹುದು. ಸಂಶೋಧನ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬಹುದಾದ ಕೆಲಸವಿದು.

ಮಿಗ್ ಪದವಾಗಿ ಉಳಿಯಿತು. ಉಳಿದವುಗಳಿಗೆ ಆ ಭಾಗ್ಯವಿರಲಿಲ್ಲ. ಮಿಖಾಯಿಲ್ ಮಿಲ್ ಅವರ ‘ಮಿ’ ನಮ್ಮ ಪತ್ರಿಕೆಗಳಲ್ಲಿ ‘ಎಂಐ-17’ ಆಯಿತು. ಆಂಟೊನೊವ್ ಅವರ ‘ಆನ್’ ‘ಎಎನ್-32’ ಆಯಿತು, ಇಲ್ಯೂಶಿನ್ ಅವರ ‘ಇಲ್’ ‘ಐಎಲ್-76’ ಆಯಿತು. ವ್ಯಕ್ತಿಯ ಹೆಸರಿನ ಮೊದಲ ತುಣುಕನ್ನು ಬಿಡಿಬಿಡಿ ಅಕ್ಷರಗಳ ಸಂಕೇತವೆಂದು ತಪ್ಪಾಗಿ ವಿಭಜಿಸಿದ್ದರಿಂದ ಹೆಸರಿನೊಳಗಿದ್ದ ಮನುಷ್ಯ ಮಾಯವಾದ. ನಮ್ಮ ಗುಬ್ಬಿಯ ಹೆಲಿಕಾಪ್ಟರಿನ ಗತಿಯೂ ಇದೇ. ನಿಕೊಲಾಯ್ ಕಾಮೊವ್ ಅವರ ‘ಕಾ’ ಕನ್ನಡದಲ್ಲಿ ‘ಕೆಎ-226ಟಿ’ ಎಂದು ಅಚ್ಚಾಯಿತು. ಕರ್ನಾಟಕದ ಯಾವುದೋ ಸಾರಿಗೆ ಕಚೇರಿಯ ನೋಂದಣಿ ಸಂಖ್ಯೆಯಂತೆ ಕಾಣುವ ಈ ರೂಪ ಕರ್ನಾಟಕಕ್ಕೆ ಬಾರದೇ ಹೋದದ್ದು ವಿಪರ್ಯಾಸ.

ಪಡೆದವನ ನಾಮಕರಣ

ಭಾರತೀಯ ವಾಯುಪಡೆ 1963ರಲ್ಲಿ ಮಿಗ್-21ನ್ನು ಬರಮಾಡಿಕೊಂಡಿತು. ಅದೇ ವರ್ಷ ಅದರ ತಯಾರಿಕೆಗೆಂದು ಪ್ರತ್ಯೇಕ ಸಂಸ್ಥೆಯೊಂದು ಹುಟ್ಟಿತು. 1964ರ ಅಕ್ಟೋಬರ್ 1ರಂದು ಅದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯೊಡನೆ ವಿಲೀನವಾಗಿ ಇಂದಿನ ಎಚ್‌ಎಎಲ್ ಆಯಿತು. ಒಡಲು ನಾಸಿಕದಲ್ಲಿ, ಎಂಜಿನ್ನು ಕೊರಾಪುಟ್‌ನಲ್ಲಿ, ವಿದ್ಯುನ್ಮಾನ ಭಾಗಗಳು ಹೈದರಾಬಾದಿನಲ್ಲಿ. ಮುಖ್ಯ ಕಚೇರಿ ಬೆಂಗಳೂರಿನಲ್ಲಿ. ವಾಯುಪಡೆಯ ತಂತ್ರಜ್ಞರ ಬಾಯಲ್ಲಿ ಮಿಗ್-21ರ ಅವತರಣಿಕೆಗಳು ಬಹುಕಾಲ ‘ಟೈಪ್ 77’, ‘ಟೈಪ್ 96’ ಎಂಬ ಸೋವಿಯತ್ ಕಾರ್ಖಾನೆಯ ಸಂಖ್ಯೆಗಳಿಂದಲೇ ಓಡಾಡಿದವು. ಇವುಗಳ ಮೇಲೆ ಕೂತದ್ದು ಸರ್ಕಾರಿ ನಾಮಕರಣ. ಮಿಗ್-21 ‘ತ್ರಿಶೂಲ’, ‘ವಿಕ್ರಮ’ ಎನಿಸಿತು. ಮಿಗ್-23ರ ಎರಡು ಬಗೆಗಳು ‘ವಿಜಯ’, ‘ರಕ್ಷಕ’, ಮಿಗ್-25 ‘ಗರುಡ’, ಮಿಗ್-27 ‘ಬಹಾದೂರ್’, ಮಿಗ್-29 ‘ಬಾಜ್’, ಆಂಟೊನೊವ್-32 ‘ಸಟ್ಲೆಜ್’, ಇಲ್ಯೂಶಿನ್-76 ‘ಗಜರಾಜ್’.

ಈ ಹೆಸರುಗಳನ್ನು ಸಾಲಾಗಿ ಓದಿದರೆ ಸ್ವತಂತ್ರ ಭಾರತ ತನ್ನನ್ನು ತಾನು ಹೇಗೆ ಕಲ್ಪಿಸಿಕೊಂಡಿತು ಎಂಬುದು ಕಾಣುತ್ತದೆ. ಗರುಡ ಸಂಸ್ಕೃತದ್ದು, ಬಾಜ್ ಪಾರಸಿಯದು, ಬಹಾದೂರ್ ಮಧ್ಯ ಏಷ್ಯಾದಿಂದ ಪಾರಸಿಯ ಮೂಲಕ ಬಂದದ್ದು. ಮಿ-8 ಹೆಲಿಕಾಪ್ಟರಿಗೆ ‘ಪ್ರತಾಪ್’ ಎಂದೂ ಅದೇ ವಿನ್ಯಾಸಕ ಸಂಸ್ಥೆಯ ಮಿ-25 ಮತ್ತು ಮಿ-35ಕ್ಕೆ ‘ಅಕ್ಬರ್’ ಎಂದೂ ಹೆಸರಾಯಿತು. 1576ರಲ್ಲಿ ಹಲ್ದಿಘಾಟಿಯಲ್ಲಿ ಎದುರಾದ ಎರಡು ಪಕ್ಷಗಳ ಒಡೆಯರ ಹೆಸರುಗಳು ಮಿಲ್ ಕುಟುಂಬದ ಅಣ್ಣತಮ್ಮಂದಿರಾದವು. ಪ್ರತಾಪ್ ಸೇವೆಯಿಂದ ನಿವೃತ್ತನಾದದ್ದು ನಮ್ಮ ಯಲಹಂಕದಲ್ಲಿ, 2017ರ ಡಿಸೆಂಬರ್‌ನಲ್ಲಿ.

ಈ ಪಟ್ಟಿಯಲ್ಲಿ ದ್ರಾವಿಡ ಮೂಲದ ಪದ ಒಂದೂ ಇಲ್ಲ. ವಿಮಾನ ತಯಾರಿಕೆಯ ರಾಜಧಾನಿ ಕನ್ನಡ ನಾಡಿನಲ್ಲಿದೆ. ಇಲ್ಲಿಯೇ ವಿನ್ಯಾಸಗೊಂಡವು ಮಾರುತ, ಪುಷ್ಪಕ, ಕಿರಣ, ಅಜೀತ್, ಧ್ರುವ. ಇವೆಲ್ಲವೂ ಕನ್ನಡಿಗನಿಗೆ ಅರ್ಥವಾಗುವ ಸಂಸ್ಕೃತ, ಆದರೆ ಬಂದದ್ದು ಹಿಂದಿಯ ಉಚ್ಚಾರದ ಉಡುಪಿನಲ್ಲಿ. 1972ರಲ್ಲಿ ಹಾರಿದ ಕೃಷಿ ವಿಮಾನದ ಹೆಸರು ‘ಬಸಂತ್’. ವಸಂತನರಸಾಪುರದ ವಸಂತನೇ ಅವನು. ವಕಾರ ಬಕಾರವಾಗಿ, ಕೊನೆಯ ಅಕಾರ ಉದುರಿ, ಉತ್ತರದ ಹಾದಿಯಲ್ಲಿ ಸುತ್ತಿ ಬಂದಿದ್ದಾನೆ. ನಮ್ಮ ಕಡೆಯ ಊರು ನರಸಿಂಹನನ್ನು ನರಸನನ್ನಾಗಿ ಮಾಡಿಕೊಂಡು ವಸಂತನನ್ನು ಹಾಗೆಯೇ ಬಿಟ್ಟಿತು. ವಿಮಾನ ಕಾರ್ಖಾನೆ ವಸಂತನನ್ನೇ ಮಾರ್ಪಡಿಸಿತು. ಇದನ್ನು ದೂರಾಗಿ ಹೇಳುತ್ತಿಲ್ಲ. ಯಾವ ತದ್ಭವ ರಾಷ್ಟ್ರೀಯವಾಗುತ್ತದೆ, ಯಾವುದು ಊರಿನ ಫಲಕದ ಮೇಲೆ ಉಳಿಯುತ್ತದೆ ಎಂಬುದು ಭಾಷಾನೀತಿಯ ಅಧ್ಯಯನಕ್ಕೆ ತಕ್ಕ ಪ್ರಶ್ನೆ.

ಪಡೆದವನೇ ಹೆಸರಿಡುತ್ತಾನೆ ಎಂಬ ನಮ್ಮ ಸೂತ್ರಕ್ಕೆ ದೊಡ್ಡ ಆಕ್ಷೇಪ ಸುಖೋಯ್-30ರಿಂದ ಬರುತ್ತದೆ. ವಾಯುಪಡೆಯ ಬೆನ್ನೆಲುಬಾದ, ನಾಸಿಕದಲ್ಲಿ ನೂರಾರು ಸಂಖ್ಯೆಯಲ್ಲಿ ತಯಾರಾದ ಈ ವಿಮಾನಕ್ಕೆ ಭಾರತೀಯ ಹೆಸರಿಲ್ಲ. ಅದರ ಉತ್ತರ ‘ಎಂಕೆಐ’ ಎಂಬ ಬಾಲದಲ್ಲಿದೆ ಎಂದು ನಮಗೆ ತೋರುತ್ತದೆ. ರಷ್ಯನ್ ಭಾಷೆಯಲ್ಲಿ ಅದರ ವಿಸ್ತರಣೆ ಆಧುನೀಕೃತ, ವಾಣಿಜ್ಯ, ಭಾರತೀಯ ಎಂದು. ನಾಮಕರಣದ ಕೆಲಸವನ್ನು ಕೊನೆಯ ಇಕಾರವೊಂದು ಸದ್ದಿಲ್ಲದೆ ಮಾಡಿದೆ. ಇದರ ಜೊತೆಗೆ ಕಾಲದ ಬದಲಾವಣೆಯೂ ಇದೆ. 1979ರ ಜಾಗ್ವಾರ್ ‘ಶಂಶೇರ್’ ಆಯಿತು, 1985ರ ಮಿರಾಜ್ ‘ವಜ್ರ’ ಆಯಿತು. ಆ ದಶಕದಲ್ಲಿ ಬಂದ ಹೆಚ್ಚಿನ ವಿದೇಶಿ ವಿಮಾನಗಳು ಹೊಸ ಹೆಸರು ಪಡೆದವು. ಆ ಬಳಿಕ ಬಂದ ಸುಖೋಯ್, ರಫೇಲ್, ಅಪಾಚೆಗಳು ತವರಿನ ಹೆಸರಿನಲ್ಲಿಯೇ ಉಳಿದವು. 2003ರ ‘ತೇಜಸ್’, 2022ರ ‘ಪ್ರಚಂಡ’ ಎರಡೂ ಸ್ವದೇಶಿ ವಿನ್ಯಾಸಗಳು. ಕೊಂಡದ್ದಕ್ಕೆ ಹೆಸರಿಡುವ ರೂಢಿ ಹೋಗಿ ಕಟ್ಟಿದ್ದಕ್ಕೆ ಹೆಸರಿಡುವ ರೂಢಿ ಮಾತ್ರ ಉಳಿದಿದೆ.

ಸರ್ಕಾರಿ ಹೆಸರುಗಳ ನಡುವೆ ಒಂದು ಮಾತ್ರ ಬೇರೆ ಬಗೆಯದು: ‘ಬೈಸನ್’. ಮಿಗ್-21ರ ಕೊನೆಯ ಸೋವಿಯತ್ ಅವತರಣಿಕೆಯ ಬಾಲದಲ್ಲಿದ್ದ ಗುರುತು ‘ಬಿಸ್’, ಲ್ಯಾಟಿನ್ನಿನಲ್ಲಿ ಎರಡನೆಯ ಬಾರಿ ಎಂದು. ಅದನ್ನು ಭಾರತದಲ್ಲಿ ನವೀಕರಿಸಿದಾಗ ‘ಬಿಸ್’ ಎಂಬ ಮೂರಕ್ಷರಗಳಿಗೆ ಇನ್ನೆರಡು ಸೇರಿಸಿ ಕಾಡುಕೋಣವನ್ನು ಹುಟ್ಟಿಸಲಾಯಿತು. ಇದು ಕಣ್ಣಿನ ಶ್ಲೇಷೆ. ತಮಾಷೆಯೆಂದರೆ ‘ಬೈಸನ್’ ಗೂಢನಾಮದ ಪಟ್ಟಿಯಲ್ಲಿ ಮೊದಲೇ ಇತ್ತು. ಮ್ಯಾಸಿಷೆವ್ ವಿನ್ಯಾಸದ ಭಾರಿ ಬಾಂಬರೊಂದಕ್ಕೆ ಅದನ್ನು ಇಟ್ಟಿದ್ದರು. ಬಿ ಎಂದರೆ ಬಾಂಬರು ಎಂದು ನಂಬಿದ ಪಾಶ್ಚಾತ್ಯ ಓದುಗನಿಗೆ ಭಾರತದ ಬೈಸನ್ ನಿಯಮಭಂಗ; ನಮಗೆ ಆ ನಿಯಮವೇ ಅಪ್ರಸ್ತುತ.

ಹತ್ತಿರದವನ ಅಡ್ಡಹೆಸರು

ಬೈಸನ್ನಿನಂತಹ ಶ್ಲೇಷೆ ರಷ್ಯನ್ ಸೈನಿಕರ ಆಡುಮಾತಿನಲ್ಲಿ ಹಳೆಯದು. 1930ರ ದಶಕದ ಐ-16 ಎಂಬ ಯುದ್ಧವಿಮಾನವನ್ನು ಅವರು ‘ಇಶಾಕ್’ ಎಂದು ಕರೆದರು. ಇಕಾರದ ಮುಂದೆ ಹದಿನಾರು ಎಂಬುದರ ರಷ್ಯನ್ ರೂಪ ‘ಶೆಸ್ತ್‌ನಾದ್ಸತ್’ ಬಂದಾಗ ಹುಟ್ಟುವ ‘ಇಶೆ’ ಎಂಬ ಸದ್ದು ಕತ್ತೆ ಎಂಬ ಅರ್ಥದ ‘ಇಶಾಕ್’ ಅನ್ನು ನೆನಪಿಸುತ್ತದೆ. ಪೆ-2 ಚದುರಂಗದ ಪದಾತಿಯಾಗಿ ‘ಪೇಶ್ಕ’ ಆಯಿತು. ಆನ್-2 ಅಕ್ಕರೆಯ ಹೆಣ್ಣುಹೆಸರಾಗಿ ‘ಆನ್ನುಶ್ಕ’ ಆಯಿತು. ಕೆಲವು ಆಕಾರದಿಂದ ಬಂದವು: ತ್ರಿಕೋನ ರೆಕ್ಕೆಯ ಮಿಗ್-21 ‘ಬಲಲೈಕ’, ಅಂದರೆ ಮೂರು ಮೂಲೆಯ ತಂತಿವಾದ್ಯ, ಮಿ-24 ‘ಮೊಸಳೆ’, ಚಪ್ಪಟೆ ಮೂತಿಯ ಸುಖೋಯ್-34 ‘ಬಾತುಮರಿ’. ಮೆಕ್ಕೆಜೋಳದ ಹೊಲಗಳ ಮೇಲೆ ಹಾರುತ್ತಿದ್ದ ಪೊ-2 ‘ಕುಕುರುಜ್ನಿಕ್’, ಜೋಳದವನು. ದೂರದಿಂದ ನೋಡಿದ ಸಮಿತಿ ಇಟ್ಟ ಪದಕ್ಕೆ ವಸ್ತುವಿನ ಸಂಪರ್ಕವಿಲ್ಲ. ಇಲ್ಲಿ ಪ್ರತಿ ಹೆಸರೂ ಕಿವಿಗೆ ಕೇಳಿದ್ದಕ್ಕೆ ಅಥವಾ ಕಣ್ಣಿಗೆ ಕಂಡದ್ದಕ್ಕೆ ಅಂಟಿಕೊಂಡಿದೆ. ಇದೇ ನಿಜವಾದ ಅನ್ವರ್ಥನಾಮ.

ಕನ್ನಡ ಇಂತಹದನ್ನು ಹುಟ್ಟಿಸಿಲ್ಲವೆ? ಹುಟ್ಟಿಸಿದೆ, ಆದರೆ ರಷ್ಯಾದ ವಿಮಾನಕ್ಕಲ್ಲ. ಸದ್ದು ಮಾಡುತ್ತಾ ಕುಲುಕುತ್ತಾ ಹೋಗುವ ಹಳೆಯ ಬಸ್ಸನ್ನು, ಸ್ಕೂಟರನ್ನು ನಾವು ‘ಡಕೋಟ’ ಎನ್ನುತ್ತೇವೆ. ಅದು ಮಹಾಯುದ್ಧ ಕಾಲದ ಡಗ್ಲಸ್ ಸಾಗಾಣಿಕೆ ವಿಮಾನಕ್ಕೆ ಬ್ರಿಟಿಷರು ಇಟ್ಟ ಹೆಸರು. ಉತ್ತರ ಅಮೆರಿಕದ ಮೂಲನಿವಾಸಿಗಳ ಭಾಷೆಯಲ್ಲಿ ಅದಕ್ಕೆ ‘ಮಿತ್ರ’ ಎಂಬ ಅರ್ಥ. ಅಂಕಿತನಾಮವೊಂದು ಕನ್ನಡದಲ್ಲಿ ಗುಣವಾಚಕವಾಗಿ, ‘ಡಕೋಟ ಗಾಡಿ’ ಎಂದು ವಿಶೇಷ್ಯದ ಹಿಂದೆ ನಿಲ್ಲುವಷ್ಟು ಒಳಗೆ ಬಂದಿದೆ. ಡಕೋಟದಲ್ಲಿ ಯುದ್ಧಾನಂತರ ಸಾಮಾನ್ಯ ಪ್ರಯಾಣಿಕರೂ ಕುಳಿತರು. ಅದರ ಸದ್ದು ಊರಿನ ಸದ್ದಾಗಿತ್ತು. ಮಿಗ್ ಬೇಲಿಯ ಆಚೆ ಇತ್ತು. ಹತ್ತಿರವಿಲ್ಲದ ವಸ್ತುವಿಗೆ ಭಾಷೆ ಅಡ್ಡಹೆಸರು ಇಡುವುದಿಲ್ಲ. ಅಲ್ಲಿ ಸಿದ್ಧ ಹೆಸರು ಬರುತ್ತದೆ, ಇಲ್ಲವೆ ‘ಲೋಹದ ಹಕ್ಕಿ’ಯಂತಹ ಸವೆದ ರೂಪಕ ಬರುತ್ತದೆ. ಯಲಹಂಕದ ವೈಮಾನಿಕ ಪ್ರದರ್ಶನದ ಋತುವಿನಲ್ಲಿ ನಮ್ಮ ಶೀರ್ಷಿಕೆಗಳು ಈ ಹಕ್ಕಿಯಿಂದ ತುಂಬಿಹೋಗುತ್ತವೆ.

ಮಿಗ್-21ಕ್ಕೆ ಕನ್ನಡ ಪತ್ರಿಕೆಗಳಲ್ಲಿ ಒಂದು ಅಡ್ಡಹೆಸರು ನಿಂತಿತು: ‘ಹಾರುವ ಶವಪೆಟ್ಟಿಗೆ’. ಇಂಗ್ಲಿಷಿನ ಪದಶಃ ಅನುವಾದ. ಈ ನುಡಿಗಟ್ಟನ್ನು ನಾವು ಲಘುವಾಗಿ ನೋಡಲಾರೆವು. 2012ರ ಮೇ ತಿಂಗಳಲ್ಲಿ ರಕ್ಷಣಾ ಸಚಿವ ಎ.ಕೆ. ಆ್ಯಂಟನಿ ರಾಜ್ಯಸಭೆಗೆ ಕೊಟ್ಟ ಲೆಕ್ಕದಂತೆ 872 ಮಿಗ್ ವಿಮಾನಗಳಲ್ಲಿ 482 ಅಪಘಾತಕ್ಕೀಡಾಗಿದ್ದವು. 171 ವಿಮಾನ ಚಾಲಕರು, 39 ನಾಗರಿಕರು, ಸೇನೆಯ ಇತರ 8 ಮಂದಿ ಸತ್ತಿದ್ದರು. ಹಳೆಯ ವಿನ್ಯಾಸ, ಬಿಡಿಭಾಗಗಳ ಕೊರತೆ, ತರಬೇತಿ ವಿಮಾನಗಳ ಅಭಾವ ಎಂದು ಕಾರಣಗಳನ್ನು ವರ್ಷಗಟ್ಟಲೆ ಚರ್ಚಿಸಲಾಯಿತು. ಅಡ್ಡಹೆಸರು ಈ ಎಲ್ಲವನ್ನೂ ಯಂತ್ರದ ಸ್ವಭಾವವಾಗಿ ಮಾರ್ಪಡಿಸುತ್ತದೆ. ಶವಪೆಟ್ಟಿಗೆ ಇರುವುದೇ ಶವಕ್ಕಾಗಿ. ಅಲ್ಲಿ ಯಾರೂ ಏನೂ ಮಾಡಿಲ್ಲ. ಅದರ ಜೊತೆಗೆ ಬರುವ ‘ವಿಮಾನ ಪತನ’ ಎಂಬ ಶೀರ್ಷಿಕೆಯ ವ್ಯಾಕರಣವೂ ಇಂತಹುದೇ: ಕರ್ತೃವಿಲ್ಲ, ಕ್ರಿಯಾಪದವೂ ಇಲ್ಲ. ಗೂಢನಾಮ ಅರ್ಥವನ್ನು ಬಚ್ಚಿಟ್ಟರೆ ಈ ಅಡ್ಡಹೆಸರು ಅರ್ಥದ ಅಬ್ಬರದಲ್ಲಿ ಹೊಣೆಯನ್ನು ಬಚ್ಚಿಡುತ್ತದೆ. ಹತ್ತಿರದವರು ಇಟ್ಟ ಇಶಾಕ್, ಬಲಲೈಕಗಳ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಇದು ನೆಲದಲ್ಲಿ ನಿಂತು ನೋಡಿದವರ ಹೆಸರೆಂಬುದು ತಿಳಿಯುತ್ತದೆ. ಅದರಲ್ಲಿ ಕುಳಿತು ಹಾರಿದವರ, ಅದರ ಚಕ್ರ ಕಳಚಿ ಎಣ್ಣೆ ಹಾಕಿದವರ ಮಾತುಗಳು ಬೇರೆಯೇ ಪದಕೋಶ.

ಆ ಪದಕೋಶವಿರುವುದು ನಿವೃತ್ತ ತಂತ್ರಜ್ಞರ ನೆನಪಿನಲ್ಲಿ. ಜಾಲಹಳ್ಳಿಯಲ್ಲಿ ಕಲಿತವರು, ಬೆಳಗಾವಿಯ ಸಾಂಬ್ರಾದಲ್ಲಿ ತರಬೇತಿ ಪಡೆದವರು, ಯಲಹಂಕದ ಹೆಲಿಕಾಪ್ಟರ್ ಘಟಕಗಳಲ್ಲಿ ದುಡಿದವರು ನಮ್ಮ ಜಿಲ್ಲೆಗಳಲ್ಲಿ ನೆಲೆಸಿದ್ದಾರೆ. ಮಿಗ್-27 2019ರ ಡಿಸೆಂಬರ್‌ನಲ್ಲಿ ಜೋಧಪುರದಲ್ಲಿ, ಮಿಗ್-21 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಸೇವೆಯಿಂದ ಹೊರಬಿದ್ದವು. ವಸ್ತು ಹೋದ ಮೇಲೆ ಅದರ ಸುತ್ತಲಿನ ಆಡುನುಡಿ ಒಂದು ತಲೆಮಾರಿಗಿಂತ ಹೆಚ್ಚು ಬಾಳುವುದಿಲ್ಲ. ನೌಕಾಪಡೆಯ ಟುಪೊಲೆವ್-142 2017ರಲ್ಲಿ ಅರಕ್ಕೋಣಂನಲ್ಲಿ ನಿವೃತ್ತಿಯಾಯಿತು. ಅವುಗಳಲ್ಲೊಂದು ಈಗ ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಚಾಪಲ್ ಯುದ್ಧನೌಕೆಯ ಪಕ್ಕದಲ್ಲಿ ಪ್ರದರ್ಶನಕ್ಕಿದೆ. ಪಾಶ್ಚಾತ್ಯರ ಪುಸ್ತಕಗಳಲ್ಲಿ ಅದು ಕರಡಿ. ಬೇಲಿಯಾಚೆ ಇದ್ದ ರಷ್ಯಾದ ವಿಮಾನವೊಂದು ಕನ್ನಡ, ಕೊಂಕಣಿ ಮಾತನಾಡುವ ಮಕ್ಕಳ ಕೈಗೆಟುಕುವ ದೂರಕ್ಕೆ ಬಂದಿದೆ. ಅವರು ಅದನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಕ್ಷೇತ್ರಕಾರ್ಯದಲ್ಲಿ ಕೇಳಿ ದಾಖಲಿಸಿಕೊಳ್ಳುವುದು ಯಾರಿಗೂ ಕಷ್ಟವಾಗದು.

ಗುಬ್ಬಿಯಲ್ಲಿ 615 ಎಕರೆಯ ಕಾರ್ಖಾನೆ ನಿಂತಿದೆ; ಮೊದಲಿಗೆ ವರ್ಷಕ್ಕೆ 30, ಮುಂದೆ 60, 90 ಎಂಬ ಗುರಿಯೊಂದಿಗೆ. ಊರಿನ ಹೆಸರನ್ನೇ ಹಕ್ಕಿಯೊಂದರ ಜೊತೆ ಜೋಡಿಸಿ ಹೇಳುವ ಆ ಸೀಮೆಯಲ್ಲಿ ತಯಾರಾಗಲಿರುವ ಹೆಲಿಕಾಪ್ಟರು ಸದ್ಯಕ್ಕೆ ಓಡಾಡುತ್ತಿರುವುದು ‘ಎಲ್‌ಯುಎಚ್’ ಎಂಬ ಮೂರು ಇಂಗ್ಲಿಷ್ ಅಕ್ಷರಗಳ ಮೇಲೆ.